ಮೇಲ್‌ನ ಚಿತ್ರಗಳಿಗೆ ಚಿಲಕ ಹಾಕುವುದು ಹೇಗೆ?

'ನಿನ್ನೆ ನೀವು ನಮ್ಮ ಮೇಲನ್ನು ಮೂರು ಸಲ ತೆರೆದು ನೋಡಿದ್ದೀರಿ. ಏನಾದರೂ ಸಂದೇಹ ಇದೆಯೇ?'

ಒಂದು ಕಂಪನಿಯ ಮಾರಾಟ ವಿಭಾಗದಿಂದ ನನಗೆ ಹೀಗೊಂದು ಮೇಲ್ ಬಂತು. ನಾನು ಅವರಿಗೆ ಉತ್ತರ ಬರೆದಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ. ಸುಮ್ನೆ ಓದಿದ್ದೆ, ಅಷ್ಟೇ. ಆದರೂ ಅವರ ಲೆಕ್ಕ ಸರಿಯಾಗಿತ್ತು. ಮನೆಯೊಳಗೆ ಕೂತು ಕಾಗದ ಓದುತ್ತಿರುವಾಗ ಯಾರೋ ಕಿಟಕಿಯಿಂದ ಇಣುಕಿದ ಹಾಗಾಯಿತು. ನನಗೆ ಬಂದ ಕಾಗದವನ್ನು ನಾನು ಯಾವಾಗ ಓದುತ್ತೇನೆ, ಎಷ್ಟು ಸಲ ಓದುತ್ತೇನೆ ಅನ್ನುವುದು ನನ್ನ ವಿಷಯ ಅಲ್ವಾ? ಅವತ್ತೇ ನನ್ನ ಮೇಲ್ ಖಾತೆಗಳಲ್ಲಿ ಒಂದು ಸೆಟ್ಟಿಂಗ್ ಬದಲಿಸಿದೆ. ಒಂದೊಂದು ಖಾತೆಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ಚಿತ್ರ ಸುದ್ದಿ ಮುಟ್ಟಿಸುವುದು ಹೇಗೆ?

ಮೇಲ್‌ನಲ್ಲಿ ಕಾಣುವ ಚಿತ್ರಗಳಲ್ಲಿ ಎರಡು ಬಗೆ. ಒಂದು, ಮೇಲ್ ಜೊತೆಗೇ ಅಂಟಿಕೊಂಡು ಬರುವ ಚಿತ್ರ. ಗೆಳೆಯರು ಕಳಿಸುವ ಫೋಟೊಗಳು ಸಾಮಾನ್ಯವಾಗಿ ಇಂಥವು. ಇವುಗಳಿಂದ ಯಾರಿಗೂ ಸುದ್ದಿ ಹೋಗುವುದಿಲ್ಲ.

ಇನ್ನೊಂದು ಬಗೆಯಲ್ಲಿ ಚಿತ್ರ ಮೇಲ್‌ನೊಳಗೆ ಇರುವುದೇ ಇಲ್ಲ. ಅದು ಕಳಿಸಿದವರ ಸರ್ವರ್‌ನಲ್ಲಿ, ಅಂದರೆ ಇಂಟರ್ನೆಟ್ಟಿಗೆ ಜೋಡಿಸಿದ ಅವರ ಕಡೆಯ ಕಂಪ್ಯೂಟರಿನಲ್ಲಿ ಇರುತ್ತದೆ. ಮೇಲ್‌ನಲ್ಲಿ ಬರುವುದು ಅದರ ವಿಳಾಸ ಮಾತ್ರ. ನೀವು ಮೇಲ್ ತೆರೆದ ಕೂಡಲೇ ನಿಮ್ಮ ಫೋನು ಅಥವಾ ಕಂಪ್ಯೂಟರು ಆ ಸರ್ವರ್‌ಗೆ ಹೋಗಿ ಚಿತ್ರವನ್ನು ಕೇಳಿ ತರುತ್ತದೆ. ಹಾಗೆ ಕೇಳಿದ್ದು ಅಲ್ಲಿ ದಾಖಲಾಗುತ್ತದೆ. ಎಷ್ಟು ಹೊತ್ತಿಗೆ ಕೇಳಿದಿರಿ, ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಯಾವುದು, ಯಾವ ಬಗೆಯ ಸಾಧನದಿಂದ ಕೇಳಿದಿರಿ ಅನ್ನುವುದೆಲ್ಲ ಅಲ್ಲಿ ಸಿಗಬಹುದು. ಐಪಿ ವಿಳಾಸದಿಂದ ನೀವು ಸುಮಾರಾಗಿ ಯಾವ ಊರಿನ ಕಡೆ ಇದ್ದೀರಿ ಎಂದೂ ಊಹಿಸಬಹುದು.

ಆದರೆ ಕೇಳಿದ್ದು ನೀವೇ ಎಂದು ಗೊತ್ತಾಗುವುದು ಹೇಗೆ? ಇಲ್ಲಿದೆ ಕೈಚಳಕ. ಒಂದೇ ಮೇಲನ್ನು ಸಾವಿರ ಜನರಿಗೆ ಕಳಿಸಿದರೂ ಒಬ್ಬೊಬ್ಬರ ಮೇಲ್‌ನಲ್ಲಿ ಚಿತ್ರದ ವಿಳಾಸ ಬೇರೆ ಬೇರೆ. ಅದರ ಬಾಲದಲ್ಲಿ ಪ್ರತಿಯೊಬ್ಬರಿಗೂ ಒಂದು ಬೇರೆ ಸಂಖ್ಯೆ ಸೇರಿಸಿರುತ್ತಾರೆ. ನಿಮ್ಮ ಸಂಖ್ಯೆಯ ಚಿತ್ರ ಬೇಕೆಂದು ಕೇಳಿಕೆ ಬಂತು ಅಂದರೆ ಮೇಲ್ ತೆರೆದವರು ನೀವೇ. ಇದಕ್ಕೆ ದೊಡ್ಡ ಚಿತ್ರವೂ ಬೇಕಿಲ್ಲ. ಉದ್ದ 1 ಪಿಕ್ಸೆಲ್, ಅಗಲ 1 ಪಿಕ್ಸೆಲ್, ಬಣ್ಣವೇ ಇಲ್ಲದ ಒಂದು ಚುಕ್ಕಿ ಸಾಕು. ಅದನ್ನು ಟ್ರ್ಯಾಕಿಂಗ್ ಪಿಕ್ಸೆಲ್ ಅನ್ನುತ್ತಾರೆ. ಕಣ್ಣಿಗೆ ಕಾಣದ್ದನ್ನು ಹುಡುಕಿ ತೆಗೆಯುವುದು ನಮ್ಮಿಂದ ಆಗುವ ಕೆಲಸವಲ್ಲ. ಅದಕ್ಕೇ ಹೊರಗಿನ ಚಿತ್ರಗಳನ್ನೆಲ್ಲ ಒಟ್ಟಿಗೇ ತಡೆಯಬೇಕು.

ಪತ್ರಿಕೆಯೋ ಸಂಸ್ಥೆಯೋ ತನ್ನ ಮೇಲನ್ನು ಎಷ್ಟು ಜನ ಓದಿದರು ಎಂದು ಎಣಿಸಿಕೊಂಡರೆ ನನಗೆ ಅಷ್ಟು ಬೇಸರವಿಲ್ಲ. ಸ್ಪ್ಯಾಮ್ ಕಳಿಸುವವರ ಕೈಗೆ ಇದೇ ಉಪಾಯ ಸಿಕ್ಕಾಗ ಕಷ್ಟ. ಚಿತ್ರ ತೆರೆದರೆ 'ಈ ವಿಳಾಸದಲ್ಲಿ ಜನ ಇದ್ದಾರೆ' ಎಂದು ನಾವೇ ಹೇಳಿದಂತೆ. ಆಮೇಲೆ ಆ ವಿಳಾಸಕ್ಕೆ ಇನ್ನೂ ಜಾಸ್ತಿ ಸ್ಪ್ಯಾಮ್ ಬರತೊಡಗಬಹುದು.

ಜಿಮೇಲ್‌ನಲ್ಲಿ

ಮೊದಲು ಕಂಪ್ಯೂಟರಿನಲ್ಲಿ ಮಾಡುವುದನ್ನು ನೋಡೋಣ.

1. ಜಿಮೇಲ್ ತೆರೆದು ಬಲಗಡೆ ಮೇಲಿರುವ ಹಲ್ಲುಚಕ್ರದ ಗುರುತನ್ನು ಒತ್ತಿ. 'ಸೀ ಆಲ್ ಸೆಟ್ಟಿಂಗ್ಸ್' ಆರಿಸಿ.

2. 'ಜನರಲ್' ವಿಭಾಗದಲ್ಲೇ ಕೆಳಗೆ ಸರಿಯುತ್ತ ಹೋದರೆ 'ಇಮೇಜಸ್' ಎಂಬ ಸಾಲು ಸಿಗುತ್ತದೆ. ಅಲ್ಲಿ 'ಆಸ್ಕ್ ಬಿಫೋರ್ ಡಿಸ್‌ಪ್ಲೇಯಿಂಗ್ ಎಕ್ಸ್‌ಟರ್ನಲ್ ಇಮೇಜಸ್' ಆರಿಸಿ. ಹೊರಗಿನ ಚಿತ್ರ ತೋರಿಸುವ ಮುಂಚೆ ನನ್ನನ್ನು ಕೇಳು ಎಂದು ಇದರ ಅರ್ಥ.

3. ಪುಟದ ತೀರಾ ಕೆಳಗೆ ಹೋಗಿ 'ಸೇವ್ ಚೇಂಜಸ್' ಒತ್ತಿ. ಬಹಳ ಜನ ಇದನ್ನೇ ಮರೆಯುತ್ತಾರೆ. ಒತ್ತದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಈ ಆಯ್ಕೆಯ ಜೊತೆಗೆ ಡೈನಮಿಕ್ ಇಮೇಲ್ ಎಂಬ ಸೌಲಭ್ಯವೂ ನಿಂತುಹೋಗುತ್ತದೆ. ಮೇಲ್‌ನೊಳಗೇ ಫಾರ್ಮ್ ತುಂಬುವಂಥ ಕೆಲಸಗಳಿಗೆ ಅದು ಬೇಕು. ನನಗಂತೂ ಅದರ ಕೊರತೆ ಕಾಡಿಲ್ಲ.

ಫೋನಿನಲ್ಲೂ ಒಮ್ಮೆ ನೋಡಿಕೊಳ್ಳಿ. ಜಿಮೇಲ್ ಆ್ಯಪ್‌ನಲ್ಲಿ ಮೂರು ಗೆರೆಗಳ ಮೆನು ತೆರೆದು ಕೆಳಗೆ 'ಸೆಟ್ಟಿಂಗ್ಸ್'ಗೆ ಹೋಗಿ. ನಿಮ್ಮ ಖಾತೆಯನ್ನು ಆರಿಸಿ 'ಇಮೇಜಸ್' ಹುಡುಕಿ. ಅಲ್ಲೂ 'ಆಸ್ಕ್' ಎಂದು ಶುರುವಾಗುವ ಆಯ್ಕೆಯೇ ಬೇಕಾದದ್ದು. ಎರಡು ಮೂರು ಖಾತೆ ಇದ್ದರೆ ಪ್ರತಿಯೊಂದಕ್ಕೂ ಬೇರೆಯಾಗಿ ಮಾಡಬೇಕು.

'ಜಿಮೇಲ್ ಹೇಗೂ ನಮ್ಮನ್ನು ಕಾಪಾಡುತ್ತದಲ್ಲ' ಎಂದು ಕೆಲವರು ಕೇಳುತ್ತಾರೆ. ಅರ್ಧ ನಿಜ. 2013ರ ಕೊನೆಯಿಂದ ಜಿಮೇಲ್ ಚಿತ್ರಗಳನ್ನು ಗೂಗಲ್‌ನ ಸರ್ವರ್‌ಗಳ ಮೂಲಕವೇ ತರಿಸಿ ತೋರಿಸುತ್ತಿದೆ. ಹಾಗಾಗಿ ಕಳಿಸಿದವರಿಗೆ ನಿಮ್ಮ ಐಪಿ ವಿಳಾಸ ಕಾಣುವುದಿಲ್ಲ. ಆದರೆ ನಿಮ್ಮ ಸಂಖ್ಯೆಯ ಚಿತ್ರವನ್ನು ಯಾರು ಹೋಗಿ ಕೇಳಿದರೂ ಮೇಲ್ ತೆರೆದದ್ದು ಗೊತ್ತಾಗುತ್ತದೆ. ಅದನ್ನು ತಪ್ಪಿಸಲು ಮೇಲಿನ ಸೆಟ್ಟಿಂಗ್ ಬೇಕೇ ಬೇಕು.

ಐಫೋನ್ ಮತ್ತು ಮ್ಯಾಕ್‌ನಲ್ಲಿ

ಆ್ಯಪಲ್‌ನವರ ದಾರಿಯೇ ಬೇರೆ. 2021ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 15ರ ಜೊತೆ 'ಮೇಲ್ ಪ್ರೈವಸಿ ಪ್ರೊಟೆಕ್ಷನ್' ಬಂತು. ಇದನ್ನು ಹಾಕಿಕೊಂಡರೆ, ನೀವು ಮೇಲ್ ಓದಿದರೂ ಓದದಿದ್ದರೂ ಹೊರಗಿನ ಚಿತ್ರಗಳನ್ನು ಹಿನ್ನೆಲೆಯಲ್ಲೇ ತರಿಸಿಡಲಾಗುತ್ತದೆ. ಅದೂ ಐಪಿ ವಿಳಾಸ ಮರೆಮಾಚಿ. ಓದಿದ ಮೇಲ್, ಓದದ ಮೇಲ್ ಎರಡೂ ಕಳಿಸಿದವರಿಗೆ ಒಂದೇ ರೀತಿ ಕಾಣುತ್ತವೆ. ಅವರ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ. ನಿಮಗೆ ಮಾತ್ರ ಚಿತ್ರಗಳು ಎಂದಿನಂತೆ ಕಾಣುತ್ತಿರುತ್ತವೆ. ಇದು ನನಗೆ ತುಂಬಾ ಹಿಡಿಸಿದ ಉಪಾಯ.

'ಸೆಟ್ಟಿಂಗ್ಸ್' ತೆರೆದು 'ಮೇಲ್'ಗೆ ಹೋಗಿ. ಐಒಎಸ್ 18ರಿಂದ ಈಚೆಗೆ ಅದು 'ಆ್ಯಪ್ಸ್' ಒಳಗಿದೆ. ಅಲ್ಲಿ 'ಪ್ರೈವಸಿ ಪ್ರೊಟೆಕ್ಷನ್' ಒತ್ತಿ, 'ಪ್ರೊಟೆಕ್ಟ್ ಮೇಲ್ ಆ್ಯಕ್ಟಿವಿಟಿ' ಆನ್ ಮಾಡಿ. ಚಿತ್ರಗಳೇ ಬೇಡ ಅನ್ನುವವರು ಇದನ್ನು ಆಫ್ ಮಾಡಿದರೆ 'ಬ್ಲಾಕ್ ಆಲ್ ರಿಮೋಟ್ ಕಂಟೆಂಟ್' ಎಂಬ ಆಯ್ಕೆ ಕಾಣುತ್ತದೆ. ಮ್ಯಾಕ್‌ನಲ್ಲಿ ಇವೇ ಆಯ್ಕೆಗಳು ಮೇಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ' ಅಡಿಯಲ್ಲಿವೆ.

ಒಂದು ಎಚ್ಚರಿಕೆ. ಈ ಕಾವಲು ಆ್ಯಪಲ್‌ನ ಮೇಲ್ ಆ್ಯಪ್‌ಗೆ ಮಾತ್ರ. ಐಫೋನಿನಲ್ಲಿ ನೀವು ಜಿಮೇಲ್ ಆ್ಯಪ್ ಬಳಸುತ್ತಿದ್ದರೆ ಅದರೊಳಗಿನ ಸೆಟ್ಟಿಂಗ್ ಬದಲಿಸಲೇಬೇಕು.

ಔಟ್‌ಲುಕ್ ಮತ್ತು ಥಂಡರ್‌ಬರ್ಡ್‌ನಲ್ಲಿ

ವಿಂಡೋಸ್‌ನ ಹಳೆಯ ಔಟ್‌ಲುಕ್ ಮೊದಲಿನಿಂದಲೇ ಚಿತ್ರ ತಡೆಯುವ ಸೆಟ್ಟಿಂಗ್‌ನೊಂದಿಗೆ ಬರುತ್ತದೆ. ಯಾರಾದರೂ ಬದಲಿಸಿದ್ದಾರೆಯೇ ಎಂದು ನೋಡಲು 'ಫೈಲ್', 'ಆಪ್ಷನ್ಸ್', 'ಟ್ರಸ್ಟ್ ಸೆಂಟರ್', 'ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್', 'ಆಟೊಮ್ಯಾಟಿಕ್ ಡೌನ್‌ಲೋಡ್' ಹೀಗೆ ಒಳಗೆ ಹೋಗಿ. ಚಿತ್ರಗಳನ್ನು ತಾನಾಗಿ ಇಳಿಸಿಕೊಳ್ಳಬೇಡ ಎನ್ನುವ ಮೊದಲ ಸಾಲಿಗೆ ಟಿಕ್ ಇರಬೇಕು. ನಿಮ್ಮ 'ಸೇಫ್ ಸೆಂಡರ್ಸ್' ಪಟ್ಟಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಆ ಪಟ್ಟಿಯನ್ನೂ ಒಮ್ಮೆ ಕಣ್ಣಾಡಿಸಿ. ಫೋನಿನ ಔಟ್‌ಲುಕ್ ಆ್ಯಪ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್ ಒಳಗೆ 'ಬ್ಲಾಕ್ ಎಕ್ಸ್‌ಟರ್ನಲ್ ಇಮೇಜಸ್' ಇದೆ.

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರು ಏನೂ ಮಾಡಬೇಕಿಲ್ಲ. ಅದು ತಾನಾಗಿಯೇ ತಡೆಯುತ್ತದೆ.

ಬದಲಿಸಿದ ಮೇಲೆ

ಚಿತ್ರಗಳನ್ನು ತಡೆದರೆ ಮೊದಲ ಎರಡು ದಿನ ಮೇಲ್‌ಗಳು ಬೋಳು ಬೋಳಾಗಿ ಕಾಣುತ್ತವೆ. ಚಿತ್ರ ಇರಬೇಕಾದ ಕಡೆ ಖಾಲಿ ಚೌಕ ಇರುತ್ತದೆ. ಗಾಬರಿ ಬೇಡ, ಮೇಲ್ ಕೆಟ್ಟಿಲ್ಲ. ಮೇಲ್ಭಾಗದಲ್ಲಿ ಚಿತ್ರ ತೋರಿಸಲೇ ಎಂದು ಕೇಳುವ ಒಂದು ಸಾಲು ಇರುತ್ತದೆ. ಬೇಕಿದ್ದರೆ ಒತ್ತಿ. ಒತ್ತಿದ ಕ್ಷಣ ಕಳಿಸಿದವರಿಗೆ ಸುದ್ದಿ ಹೋಗುತ್ತದೆ ಅನ್ನುವುದು ನೆನಪಿರಲಿ. ಅಲ್ಲೇ ಪಕ್ಕದಲ್ಲಿ 'ಈ ವಿಳಾಸದಿಂದ ಬಂದದ್ದನ್ನು ಯಾವಾಗಲೂ ತೋರಿಸು' ಎಂಬ ಆಯ್ಕೆಯೂ ಇರಬಹುದು. ಅದನ್ನು ಕೈ ಬಂದ ಹಾಗೆ ಒತ್ತಬೇಡಿ. ನಾನು ಒತ್ತಿರುವುದು ನಾಲ್ಕೈದು ವಿಳಾಸಗಳಿಗೆ ಮಾತ್ರ.

ಚಿತ್ರ ತಡೆದರೆ ಎಲ್ಲ ಬಾಗಿಲೂ ಮುಚ್ಚಿತು ಎಂದಲ್ಲ. ಮೇಲ್‌ನ ಲಿಂಕ್‌ಗಳಲ್ಲೂ ನಿಮ್ಮ ಸಂಖ್ಯೆ ಸೇರಿರಬಹುದು. ಒತ್ತಿದರೆ ಅದೂ ದಾಖಲಾಗುತ್ತದೆ. ಸಂಸ್ಥೆಯ ಜಾಲತಾಣದ ವಿಳಾಸ ನಿಮಗೆ ಗೊತ್ತಿದ್ದರೆ ಬ್ರೌಸರ್‌ನಲ್ಲಿ ನೇರವಾಗಿ ಟೈಪ್ ಮಾಡಿ ಹೋಗುವುದು ಮೇಲು. 'ಮೇಲ್ ಓದಿದ್ದಕ್ಕೆ ರಸೀದಿ ಕಳಿಸಲೇ' ಎಂದು ಕೆಲವು ಮೇಲ್‌ಗಳು ಕೇಳುತ್ತವೆ. ಅದು ಬೇರೆಯೇ ವ್ಯವಸ್ಥೆ. ಬೇಡ ಅನ್ನುವ ಹಕ್ಕು ನಿಮಗೆ ಇದೆ.

ಇನ್ನೊಂದು ಮಾತು. ಪ್ರಯಾಣದ ಅಥವಾ ಕಾರ್ಯಕ್ರಮದ ಟಿಕೆಟ್ ಮೇಲ್‌ನಲ್ಲಿ ಬಂದಾಗ ಅದರ ಕ್ಯೂಆರ್ ಕೋಡ್ ಕೂಡ ಹೊರಗಿನ ಚಿತ್ರವೇ ಆಗಿರಬಹುದು. ತಡೆ ಹಾಕಿದ್ದರೆ ಅದೂ ಕಾಣುವುದಿಲ್ಲ. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದಿದ್ದರೆ ಫಜೀತಿ. ಮನೆ ಬಿಡುವ ಮುಂಚೆಯೇ ಆ ಮೇಲ್ ತೆರೆದು, ಚಿತ್ರ ತೋರಿಸಲು ಒಪ್ಪಿಗೆ ಕೊಟ್ಟು, ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.