ಈಜುಕೊಳದ ಪಂಪಿಗೆ ವೈರಿನ ಪೈಪ್ ಬದಲಿಸಿದ್ದು

ಸಕಲೇಶಪುರದ ನಮ್ಮ ಹೋಮ್‌ಸ್ಟೇಯಲ್ಲಿ ಜೋರು ಮಳೆ ಬಂದರೆ ಸಾಕು, ಈಜುಕೊಳದ ಪಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತಿತ್ತು. ಮೋಟಾರ್ ಸುಟ್ಟಿದೆ ಎಂದರು ಒಬ್ಬರು. ಆರ್‌ಸಿಸಿಬಿಯನ್ನೇ ತೆಗೆದುಬಿಡಿ ಎಂದರು ಇನ್ನೊಬ್ಬರು! ಜನ ಇಳಿಯುವ ನೀರು ಸ್ವಾಮಿ. 30 ಮಿಲಿಆಂಪ್ ಸೋರಿದರೆ ಬೀಳುವ ಆ ಸ್ವಿಚ್ಚೇ ಜೀವ ಕಾಯುವುದು.

ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿದೆ. ಒಳಗೆ ಹಸಿರುಗಟ್ಟಿದ ತಾಮ್ರ, ತಳದಲ್ಲಿ ನೀರು. ವೈರ್ ಹಾದುಬರುವ ಗಟ್ಟಿ ಪಿವಿಸಿ ಪೈಪ್ ಮೇಲಿಂದ ನೇರ ಬಾಕ್ಸಿಗೆ ಇಳಿದಿತ್ತು. ಪಂಪಿನ ಅದುರಾಟಕ್ಕೆ ಕೂಡಿಸಿದ ಜಾಗ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮಳೆನೀರಿಗೆ ಅಷ್ಟು ದಾರಿ ಸಾಕು.

ಗಟ್ಟಿ ಪೈಪನ್ನು ಗೋಡೆಯಲ್ಲೇ ನಿಲ್ಲಿಸಿದೆ. ಅಲ್ಲಿಂದ ಮೋಟಾರಿನವರೆಗೆ ನೀರು ಒಳಹೋಗದ ಫ್ಲೆಕ್ಸಿಬಲ್ ಪೈಪ್. ಅದನ್ನು ಬಾಕ್ಸಿಗಿಂತ ಕೆಳಗೆ ಜೋತುಬಿಟ್ಟು, ಮತ್ತೆ ಮೇಲಕ್ಕೆತ್ತಿ, ಅಡಿಯಿಂದ ರಬ್ಬರ್ ವಾಷರಿನ ಗ್ಲ್ಯಾಂಡ್ (ಪೈಪನ್ನು ಬಾಕ್ಸಿಗೆ ಬಿಗಿಹಿಡಿಯುವ ಜೋಡಣೆ) ಹಾಕಿ ಸೇರಿಸಿದೆ. ಹನಿ ಬಿದ್ದರೂ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಅರ್ತ್ ವೈರನ್ನೂ ಹೊಸದಾಗಿ ಎಳೆದು ಮೋಟಾರಿನ ಹೊರಮೈಗೆ ಬಿಗಿದೆ. ಕ್ಲೋರಿನ್ ಡಬ್ಬಗಳನ್ನು ಪಂಪ್ ಕೋಣೆಯಿಂದ ಆಚೆ ಇಡಿಸಿದೆ, ಪೈಪಿನ ಕ್ಲ್ಯಾಂಪುಗಳು ತುಕ್ಕು ಹಿಡಿದದ್ದು ಅದರ ಹಬೆಗೇ. ಆಮೇಲೆ ಎಷ್ಟು ಮಳೆ ಸುರಿದರೂ ಸ್ವಿಚ್ ಬಿದ್ದಿಲ್ಲ.