ಸಣ್ಣ ವಿಡಿಯೋಗಳಲ್ಲಿ ಒಂದು ದೇಶವನ್ನ ಕಲಿಸೋದು ಹೇಗೆ: ಬಾವುಟ, ರಾಜಧಾನಿಯಿಂದ ಶುರು ಮಾಡ್ಬೇಡಿ

ಯಾವುದೋ ಒಂದು ದೇಶದ ಬಗ್ಗೆ ಸಣ್ಣ ವಿಡಿಯೋ ಮಾಡಿ ಕಲಿಸ್ಬೇಕು ಅಂತ ಹೊರಟವರು ಸಾಮಾನ್ಯವಾಗಿ ಮಾಡೋದು ಏನಂದ್ರೆ, ರಾಜಧಾನಿ, ಜನಸಂಖ್ಯೆ, ಕರೆನ್ಸಿ, ಬಾವುಟ, ರಾಷ್ಟ್ರೀಯ ಪ್ರಾಣಿ ಎಲ್ಲಾನೂ ಒಂದೇ ನಿಮಿಷದಲ್ಲಿ ತುಂಬಿಸಿ ಹೇಳಿ ಮುಗಿಸೋದು. ನೋಡೋಕೆ ಚೆನ್ನಾಗಿರತ್ತೆ, ವ್ಯೂಸೂ ಬರತ್ತೆ, ಆದ್ರೆ ಎರಡು ದಿನ ಬಿಟ್ಟು ಕೇಳಿದ್ರೆ ಬಾವುಟದ ಬಣ್ಣ ಬಿಟ್ಟು ಬೇರೇನೂ ನೆನಪಿರಲ್ಲ. ಆ ಐದು ವಿಷಯಕ್ಕೂ ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ, ತಲೇಲಿ ಹೇಗೆ ನಿಲ್ಲತ್ತೆ ಹೇಳಿ.

ಹಾಗೇ ಇತಿಹಾಸಕ್ಕೆ ಒಂದು ವಿಡಿಯೋ, ಭೂಗೋಳಕ್ಕೆ ಒಂದು, ಸಂಸ್ಕೃತಿಗೆ ಒಂದು ಅಂತ ಮೂರು ಭಾಗ ಮಾಡೋದನ್ನೂ ಬಿಡಿ. ಆ ದೇಶದಲ್ಲಿ ಬದುಕೋರಿಗೆ ಇವು ಮೂರೂ ಬೇರೆ ಬೇರೆ ಅಲ್ಲ. ನೆಲ ಹೇಗಿದೆಯೋ ಅದನ್ನ ನೋಡ್ಕೊಂಡು ಜನ ಒಂದು ದಾರಿ ಹುಡುಕ್ತಾರೆ, ಆ ದಾರಿ ಇತಿಹಾಸ ಆಗತ್ತೆ, ಆಮೇಲೆ ಅದೇ ಅವರ ಕಥೆಗೆ, ದೇವರಿಗೆ, ಹಬ್ಬಕ್ಕೆ ಬರತ್ತೆ. ಯಾವಾಗ್ಲೂ ಹೀಗೇ ಅಂತಲ್ಲ, ಆದ್ರೆ ಹೀಗೆ ಮೂರೂ ಸೇರೋ ಜಾಗ ಪ್ರತಿ ದೇಶದಲ್ಲೂ ಸಿಗತ್ತೆ. ಅಂಥ ಒಂದು ಜಾಗ ಹಿಡೀರಿ, ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ಕೊಡಿ. ಒಂದು ವಿಡಿಯೋಗೆ ಅಷ್ಟೇ ಕೆಲಸ.

ಪ್ರಶ್ನೆ ಹುಡುಕೋದು

ಈಜಿಪ್ಟ್ ತಗೊಳ್ಳಿ. "ನೈಲ್ ನದಿಯ ಮಹತ್ವ" ಅಂತ ಶುರು ಮಾಡಿದ್ರೆ ಯಾರೂ ಕೂತು ನೋಡಲ್ಲ. ಅದರ ಬದಲು ಹೀಗೆ ಕೇಳಿ: ಎಂಜಿನ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ನದೀಲಿ ಹರಿವಿನ ಎದುರಿಗೆ ದೋಣಿ ಹೇಗೆ ಹೋಗ್ತಿತ್ತು?

ಉತ್ತರ ಮ್ಯಾಪಲ್ಲೇ ಇದೆ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯತ್ತೆ, ಆದ್ರೆ ಅಲ್ಲಿ ಗಾಳಿ ಬಹುಪಾಲು ಬೀಸೋದು ಉತ್ತರದಿಂದ ದಕ್ಷಿಣಕ್ಕೆ. ಅಂದ್ರೆ ಕೆಳಗೆ ಸಮುದ್ರದ ಕಡೆ ಹೋಗೋಕೆ ಹರಿವು, ವಾಪಸ್ ಮೇಲೆ ಬರೋಕೆ ಹಾಯಿ. ಇದು ಭೂಗೋಳ. ಇದರಿಂದ ಏನಾಯ್ತು? ಎರಡೂ ಕಡೆ ಮರುಭೂಮಿ ಇರೋ ಉದ್ದನೆ ಪಟ್ಟಿಯಂಥ ನಾಡನ್ನ ಒಬ್ಬ ರಾಜ ಆಳೋಕೆ ಆಯ್ತು, ದವಸ, ಸೈನಿಕರು, ಕಲ್ಲು ಎಲ್ಲ ನೀರಿನ ಮೇಲೇ ಓಡಾಡಿದ್ವು. ಗೀಝಾದ ದೊಡ್ಡ ಪಿರಮಿಡ್ ಒಳಗೆ ರಾಜನ ಕೋಣೆಗೆ ಹಾಕಿರೋ ಗ್ರಾನೈಟ್ ಬಂದಿದ್ದು ದೂರದ ದಕ್ಷಿಣದ ಅಸ್ವಾನ್‌ನಿಂದ, ನದಿ ಮೇಲೇ. ಇದು ಇತಿಹಾಸ. ಇನ್ನು ಅವರ ಚಿತ್ರಲಿಪಿ ನೋಡಿ, ದಕ್ಷಿಣಕ್ಕೆ ಹೋಗೋದನ್ನ ತೋರಿಸೋಕೆ ಹಾಯಿ ಬಿಚ್ಚಿದ ದೋಣಿ, ಉತ್ತರಕ್ಕೆ ಹೋಗೋದಕ್ಕೆ ಹಾಯಿ ಇಲ್ಲದ ದೋಣಿ. ಅವರ ಸೂರ್ಯದೇವ ರಾ ಆಕಾಶ ದಾಟೋದೂ ದೋಣಿಯಲ್ಲೇ. ದೊಡ್ಡ ಪಿರಮಿಡ್ ಪಕ್ಕ ಹೂತಿಟ್ಟಿದ್ದ ಖುಫು ರಾಜನ ಮರದ ದೋಣಿ 1954ರಲ್ಲಿ ಸಿಕ್ತು, ಸುಮಾರು 43 ಮೀಟರ್ ಉದ್ದ! ಇಷ್ಟೂ ಒಂದೂವರೆ ನಿಮಿಷದಲ್ಲಿ ಆರಾಮಾಗಿ ಹೇಳಬಹುದು, ಯಾಕಂದ್ರೆ ಎಲ್ಲಾನೂ ಗಾಳಿ ಮತ್ತು ಹರಿವು ಅನ್ನೋ ಒಂದೇ ದಾರಕ್ಕೆ ಪೋಣಿಸಿರೋದು.

ಬೇರೆ ದೇಶಕ್ಕೂ ಇದೇ ಥರ. ನೆದರ್‌ಲ್ಯಾಂಡ್ಸಲ್ಲಿ ಸುಮಾರು ಕಾಲು ಭಾಗ ನೆಲ ಸಮುದ್ರ ಮಟ್ಟಕ್ಕಿಂತ ತಗ್ಗಲ್ಲಿದೆ, ಹಾಗಾದ್ರೆ ಅಲ್ಲಿ ಹೊಲದಿಂದ ನೀರು ಹೊರಗೆ ಹಾಕೋದು ಯಾರ ಕೆಲಸ? ಈ ಪ್ರಶ್ನೆ ಹಿಡಿದ್ರೆ ಗಾಳಿಯಂತ್ರ ಬರತ್ತೆ, 13ನೇ ಶತಮಾನದಿಂದ ಬಂದಿರೋ, ಇವತ್ತಿಗೂ ಪ್ರತ್ಯೇಕ ಚುನಾವಣೆ ನಡೆಯೋ ನೀರು ಮಂಡಳಿಗಳು ಬರ್ತವೆ, 1,800ಕ್ಕೂ ಹೆಚ್ಚು ಜನ ಸತ್ತ 1953ರ ಪ್ರವಾಹಾನೂ ಬರತ್ತೆ. ಐಸ್‌ಲ್ಯಾಂಡ್‌ನ ಥಿಂಗ್‌ವೆಟ್ಲಿರ್ ಇನ್ನೂ ಚೆನ್ನಾಗಿದೆ. ಭೂಮಿಯ ಮೇಲ್ಪದರದ ಎರಡು ದೊಡ್ಡ ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರೀತಿರೋ ಬಿರುಕು ಕಣಿವೆ ಅದು, ಅಲ್ಲೇ 930ರಲ್ಲಿ ಆಲ್ತಿಂಗ್ ಅನ್ನೋ ಸಭೆ ಸೇರಿದ್ದು. ರಾಜ ಇಲ್ಲ, ಬರೆದಿಟ್ಟ ಕಾನೂನೂ ಇಲ್ಲ, ಕಾನೂನು ಹೇಳೋಕೇ ಅಂತ ಆರಿಸಿದ ಒಬ್ಬ ಬಂಡೆ ಮೇಲೆ ನಿಂತು ಬೇಸಿಗೆಗೆ ಮೂರನೇ ಒಂದು ಭಾಗದಂತೆ ಇಡೀ ಕಾನೂನನ್ನ ನೆನಪಿನಿಂದ ಹೇಳ್ತಿದ್ದ. 1944ರಲ್ಲಿ ಗಣರಾಜ್ಯ ಘೋಷಣೆ ಮಾಡೋಕೂ ಅವರು ಅದೇ ಜಾಗಕ್ಕೆ ಹೋದ್ರು.

ಪ್ರಶ್ನೆ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಸುಲಭ ಪರೀಕ್ಷೆ ಇದೆ. ಉತ್ತರ ಬರೀ ಒಂದು ಹೆಸರೋ ಒಂದು ಸಂಖ್ಯೆಯೋ ಆಗಿದ್ರೆ ಆ ಪ್ರಶ್ನೆ ಬಿಟ್ಬಿಡಿ, ಉತ್ತರದಲ್ಲಿ "ಅದಕ್ಕೇ" ಅನ್ನೋ ಮಾತು ಎರಡು ಸಲನಾದ್ರೂ ಬರಬೇಕು.

ಸ್ಕ್ರಿಪ್ಟು

60ರಿಂದ 90 ಸೆಕೆಂಡ್ ಇಟ್ಕೊಳ್ಳಿ. ಇಂಗ್ಲಿಷ್ ವಿಡಿಯೋ ಮಾಡೋರು ನಿಮಿಷಕ್ಕೆ ಇಷ್ಟು ಪದ ಅಂತ ಲೆಕ್ಕ ಹೇಳ್ತಾರಲ್ಲ, ಅದನ್ನ ನಂಬಬೇಡಿ, ಕನ್ನಡದ ಪದಗಳು ಪ್ರತ್ಯಯ ಎಲ್ಲ ಸೇರ್ಕೊಂಡು ಉದ್ದ ಇರ್ತವೆ, ಅದೇ ಲೆಕ್ಕದಲ್ಲಿ ಬರೆದ್ರೆ ಓದುವಾಗ ಉಸಿರು ಸಾಲಲ್ಲ. ಜೋರಾಗಿ ಓದಿ, ಫೋನಲ್ಲಿ ಟೈಮ್ ನೋಡಿ, ಎಲ್ಲಿ ನಾಲಿಗೆ ತಡವರಿಸತ್ತೋ ಅಲ್ಲಿ ವಾಕ್ಯ ಕತ್ತರಿಸಿ. ಬರೆಯೋ ಕನ್ನಡ ಬೇಡ, ಎದುರಿಗೆ ಒಬ್ಬರು ಕೂತಿದಾರೆ ಅನ್ನೋ ಹಾಗೆ ಮಾತಾಡಿ. "ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ" ಅನ್ನೋದೂ ಬೇಡ, ಮೊದಲ ವಾಕ್ಯನೇ ಪ್ರಶ್ನೆ ಆಗಿರಲಿ.

ಇಸವಿ ಒಂದು ವಿಡಿಯೋದಲ್ಲಿ ಎರಡು, ಹೆಚ್ಚಂದ್ರೆ ಮೂರು ಸಾಕು. ಹೇಳೋ ಇಸವಿನ ನೋಡೋರಿಗೆ ಮೊದಲೇ ಗೊತ್ತಿರೋ ಯಾರ ಜೊತೆಗಾದ್ರೂ ಕಟ್ಟಿ. 930 ಅಂತ ಬರೀ ಹೇಳಿದ್ರೆ ಗಾಳಿಗೆ ಹೋಗತ್ತೆ, ನಮ್ಮ ಪಂಪ ಬದುಕಿದ್ದ ಕಾಲ ಅಂದ್ರೆ ಕನ್ನಡ ಬಲ್ಲೋರಿಗೆ ಥಟ್ಟಂತ ಹತ್ತತ್ತೆ.

ಮ್ಯಾಪು, ಚಿತ್ರ, ಶೂಟಿಂಗು

ಇಡೀ ಸರಣಿಗೆ ಒಂದೇ ಮ್ಯಾಪ್ ಇಟ್ಕೊಳ್ಳಿ, ಅದೇ ಬಣ್ಣ, ಅದೇ ಚೌಕಟ್ಟು. ಪ್ರತಿ ವಿಡಿಯೋಗೂ ಬೇರೆ ಬೇರೆ ಮ್ಯಾಪ್ ಹಾಕಿದ್ರೆ ನೋಡೋರು ಪ್ರತಿ ಸಲಾನೂ ಮೊದಲಿಂದ ದಿಕ್ಕು ಹುಡುಕ್ಬೇಕಾಗತ್ತೆ. ಒಂದೇ ಇದ್ರೆ ನಾಲ್ಕನೇ ವಿಡಿಯೋ ಹೊತ್ತಿಗೆ ಅಸ್ವಾನ್ ಎಲ್ಲಿದೆ ಅಂತ ಅವರಿಗೇ ಗೊತ್ತಾಗಿರತ್ತೆ. ದೇಶಗಳ ಗಾತ್ರ ಹೋಲಿಸುವಾಗ ಮರ್ಕೇಟರ್ ಮ್ಯಾಪ್ ಮಾತ್ರ ಬೇಡವೇ ಬೇಡ, ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣತ್ತೆ, ನಿಜವಾಗಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ನ್ಯಾಚುರಲ್ ಅರ್ಥ್ ಅನ್ನೋ ಮ್ಯಾಪ್ ಡೇಟಾ ಯಾರು ಬೇಕಾದ್ರೂ ಬಳಸಬಹುದು, ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದ್ರೆ ಅದರ ಹೆಸರು ಹಾಕಲೇಬೇಕು. ವಿಕಿಮೀಡಿಯಾ ಕಾಮನ್ಸಿಂದ ಫೋಟೋ ತಗೊಂಡ್ರೆ ಒಂದೊಂದು ಫೋಟೋಗೂ ಲೈಸೆನ್ಸ್ ಬೇರೆ ಇರತ್ತೆ, ಕೆಳಗಡೆ ಬರೆದಿರೋದನ್ನ ಓದಿಯೇ ಹಾಕಿ. ಎರಡು ದೇಶಗಳ ನಡುವೆ ತಗಾದೆ ಇರೋ ಗಡಿ ಬಂದ್ರೆ ತಗಾದೆ ಇದೆ ಅಂತ ಬಾಯಲ್ಲೇ ಒಂದು ಮಾತು ಹೇಳಿಬಿಡಿ.

ಅನಿಮೇಷನ್ ಬರಲ್ಲ ಅಂತ ಕೂರೋದು ಬೇಡ. ನೈಲ್ ವಿಡಿಯೋಗೆ ಬೇಕಿರೋದು ಒಂದು ದೊಡ್ಡ ಕಂದು ಹಾಳೆ, ನೀಲಿ ರಿಬ್ಬನ್, ಒಂದು ಪೇಪರ್ ದೋಣಿ ಅಷ್ಟೇ. ಹಾಳೆ ನೆಲದ ಮೇಲೆ ಹಾಸಿ, ಫೋನನ್ನ ಮೇಲಿಂದ ನೇರ ಕೆಳಕ್ಕೆ ನೋಡೋ ಹಾಗೆ ಕಟ್ಟಿ, ಕಿಟಕಿ ಬೆಳಕು ಪಕ್ಕದಿಂದ ಬರೋ ಹಾಗೆ ನೋಡ್ಕೊಳ್ಳಿ (ತಲೆ ಮೇಲಿನ ಲೈಟ್ ಹಾಕಿದ್ರೆ ನಿಮ್ಮ ಕೈ ನೆರಳು ಸರಿಯಾಗಿ ಮ್ಯಾಪ್ ಮೇಲೇ ಬೀಳತ್ತೆ). ದೋಣಿಗೆ ಹಾಯಿ ಇಲ್ಲದೆ ರಿಬ್ಬನ್ ಮೇಲೆ ಬೆರಳಲ್ಲಿ ಉತ್ತರಕ್ಕೆ ಜಾರಿಸಿ. ಆಮೇಲೆ ಒಂದು ತುಂಡು ಕಾಗದ ಹಾಯಿ ಥರ ಸಿಕ್ಕಿಸಿ, ಉತ್ತರದ ಕಡೆ ಕೂತು ಬಾಯಲ್ಲಿ ಊದಿ, ದೋಣಿ ದಕ್ಷಿಣಕ್ಕೆ ಓಡೋದನ್ನ ಕಟ್ ಮಾಡದೆ ತೋರಿಸಿ. ಆ ನಾಲ್ಕು ಸೆಕೆಂಡ್ ಮಾತಾಡ್ಲೇಬೇಡಿ, ಕಣ್ಣಿಗೆ ಅರ್ಥ ಆಗ್ತಿರುವಾಗ ಕಿವಿಗೆ ಬೇರೆ ತುಂಬಿಸೋದ್ಯಾಕೆ.

ಎಡಿಟಿಂಗಲ್ಲಿ ಕನ್ನಡದವರಿಗೆ ಒಂದು ಕಾಟ ಇದೆ, ಕೆಲವು ಆ್ಯಪಲ್ಲಿ ಒತ್ತಕ್ಷರ ಒಡೆದುಹೋಗತ್ತೆ, ಅರ್ಕಾವತ್ತು ಎಲ್ಲೋ ಹೋಗಿ ಕೂರತ್ತೆ. ನೋಟೋ ಸಾನ್ಸ್ ಕನ್ನಡ ಥರದ ಯೂನಿಕೋಡ್ ಫಾಂಟ್ ಹಾಕಿ ನೋಡಿ, ಆಗ್ಲೂ ಒಡೆದ್ರೆ ಅಕ್ಷರ ಬೇರೆ ಕಡೆ ಟೈಪ್ ಮಾಡಿ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಮೇಲೆ ಕೂರಿಸಿ. ಕಲಿಯೋಕೆ ಅಂತ ಮಾಡೋ ವಿಡಿಯೋದಲ್ಲಿ ಒಡೆದ ಅಕ್ಷರ ಬಿಡೋದು ನನಗಂತೂ ಸಹಿಸೋಕಾಗಲ್ಲ. ಸ್ಕ್ರೀನ್ ಮೇಲೆ ಹೆಸರು, ಇಸವಿ ಮಾತ್ರ ಇರಲಿ, ಪೂರ್ತಿ ಮಾತು ಬೇಕಾದೋರಿಗೆ, ಕಿವಿ ಕೇಳಿಸದೋರಿಗೆ ಕ್ಯಾಪ್ಷನ್ ಪ್ರತ್ಯೇಕ ಕೊಡಿ.

ಆ ದೇಶ ಇನ್ನೂ ಬದುಕಿದೆ

ಸರಣಿ ಮಾಡೋರು ಇದನ್ನ ದಯವಿಟ್ಟು ಗಮನಿಸಿ. ಈಜಿಪ್ಟ್ ಅಂದ್ರೆ ಹತ್ತಕ್ಕೆ ಹತ್ತೂ ಪಿರಮಿಡ್, ಮಮ್ಮಿ, ಫೇರೋ ಅಂತಾದ್ರೆ ನೋಡಿದ ಮಗು ಆ ದೇಶ ಎರಡು ಸಾವಿರ ವರ್ಷದ ಹಿಂದೆ ಮುಗೀತು ಅಂದ್ಕೊಳ್ಳತ್ತೆ. ಒಂದು ಟೇಪ್ ತಗೊಂಡು 1 ಸೆಂಟಿಮೀಟರಿಗೆ 100 ವರ್ಷ ಅಂತ ಇಡಿ. ಇವತ್ತಿನಿಂದ ಹಿಂದಕ್ಕೆ ಒಂದೂವರೆ ಸೆಂಟಿಮೀಟರಿಗೆ ಸೂಯೆಜ್ ಕಾಲುವೆ ತೆರೆದ 1869 ಬರತ್ತೆ, 20 ಸೆಂಟಿಮೀಟರ್ ದಾಟಿದ ಮೇಲೆ ಕ್ಲಿಯೋಪಾತ್ರ, ದೊಡ್ಡ ಪಿರಮಿಡ್ ಸಿಗೋದು ಹತ್ತಿರ ಹತ್ತಿರ 46ಕ್ಕೆ. ಕ್ಲಿಯೋಪಾತ್ರಳಿಂದ ಈಚೆಗೆ ಇರೋ ಆ 20 ಸೆಂಟಿಮೀಟರ್ ಪೂರ್ತಿ ಖಾಲಿ ಬಿಡೋದು ಅನ್ಯಾಯ. ಕಾಪ್ಟಿಕ್ ಕ್ರೈಸ್ತರು, ಅರಬ್ಬರು ಬಂದಿದ್ದು, ಕೈರೋ ಬೆಳೆದಿದ್ದು, 1956ರಲ್ಲಿ ಅಲ್ಲಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನ ರಾಷ್ಟ್ರೀಕರಣ ಮಾಡಿದ್ದು ಎಲ್ಲ ಅಲ್ಲೇ ಇದೆ. 1970ರಲ್ಲಿ ಮುಗಿದ ಅಸ್ವಾನ್ ಅಣೆಕಟ್ಟಿನ ಬಗ್ಗೆ ಮಾಡಿದ್ರೆ, ನೀರಲ್ಲಿ ಮುಳುಗದ ಹಾಗೆ ಅಬು ಸಿಂಬೆಲ್ ದೇವಾಲಯವನ್ನ ಕತ್ತರಿಸಿ ಮೇಲಕ್ಕೆ ಸಾಗಿಸಿದ್ದನ್ನ ಎಲ್ಲರೂ ಹೇಳ್ತಾರೆ, ಅದೇ ನೀರಿಗೆ ಊರು ಕಳ್ಕೊಂಡು ಎದ್ದು ಹೋದ, ಆ ದಕ್ಷಿಣ ಭಾಗದ ನ್ಯೂಬಿಯನ್ ಜನರ ಬಗ್ಗೆನೂ ಹೇಳಿ.

ಸಂಸ್ಕೃತಿ ವಿಷಯಕ್ಕೆ ಬಂದಾಗ "ಅಲ್ಲಿನ ಜನ ಎಲ್ಲ ಹೀಗೇ" ಅನ್ನೋ ಮಾತು ಬರ್ತಿದೆ ಅನ್ಸಿದ್ರೆ ನಿಲ್ಲಿಸಿ, ಯಾವ ಜನ, ಯಾವ ಭಾಗದವರು, ಯಾವಾಗ ಅಂತ ಬರೀರಿ. ಹಬ್ಬದ ದಿನದ ಬಟ್ಟೆ ತೋರಿಸಿ ಅವರ ದಿನನಿತ್ಯದ ಉಡುಪು ಅನ್ಬೇಡಿ. ಸಾಧ್ಯ ಇದ್ರೆ ಆ ದೇಶದವರೊಬ್ಬರಿಗೆ ಹಾಕೋ ಮೊದಲೇ ತೋರಿಸಿ, ಹೆಸರುಗಳ ಉಚ್ಚಾರಣೆ ಆದ್ರೂ ಅವರ ಬಾಯಲ್ಲಿ ಒಂದ್ಸಲ ಕೇಳಿಸ್ಕೊಳ್ಳಿ.

ನೋಡಿದ್ಮೇಲೆ

ವಿಡಿಯೋ ಎಷ್ಟೇ ಚೆನ್ನಾಗಿದ್ರೂ ಬರೀ ನೋಡಿದ್ರೆ ಕಲಿತ ಹಾಗಾಗಲ್ಲ, ನೆನಪಿಂದ ಹೊರಗೆ ತೆಗೀಬೇಕು. ತರಗತೀಲಿ ತೋರಿಸ್ತಿದ್ರೆ ಪ್ರಶ್ನೆ ಮುಗಿದ ತಕ್ಷಣ ವಿಡಿಯೋ ನಿಲ್ಲಿಸಿ, ದೋಣಿ ಹೇಗೆ ಹೋಗಿರಬಹುದು ಅಂತ ಮಕ್ಕಳಿಂದಲೇ ಊಹೆ ಹೇಳಿಸಿ, ಹಗ್ಗ ಕಟ್ಟಿ ಎಳೆದ್ರು, ಹುಟ್ಟು ಹಾಕಿದ್ರು ಅಂತಾರೆ, ಅದೂ ಪೂರ್ತಿ ತಪ್ಪಲ್ಲ, ಎಲ್ಲ ಬೋರ್ಡ್ ಮೇಲೆ ಬರೀರಿ, ಆಮೇಲೆ ಮುಂದಿನ ಭಾಗ ಹಾಕಿ. ಮುಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು ಖಾಲಿ ಕಾಗದ ಕೊಡಿ, ನದಿ ಒಂದು ಗೆರೆ, ಗಾಳಿಗೆ ಒಂದು ಬಾಣ, ಹರಿವಿಗೆ ಒಂದು ಬಾಣ ಹಾಕಲಿ. ಇನ್‌ಸ್ಟಾದಲ್ಲೋ ಯೂಟ್ಯೂಬಲ್ಲೋ ಹಾಕೋರು ಇದೇ ಪ್ರಶ್ನೆನ ಮುಂದಿನ ವಿಡಿಯೋದ ಮೊದಲ ಐದು ಸೆಕೆಂಡಲ್ಲಿ ಮತ್ತೆ ಕೇಳಿ, ಉತ್ತರ ಕೊಡೋ ಮುಂಚೆ ಎರಡು ಸೆಕೆಂಡ್ ಸುಮ್ನಿರಿ. ವಾರ ಬಿಟ್ಟು ಅದೇ ಖಾಲಿ ಮ್ಯಾಪ್ ಮತ್ತೊಮ್ಮೆ ಕೊಡಿ, ಬಾಣಗಳು ಉಲ್ಟಾ ಬಂದ್ರೆ ಹೊಸ ವಿಡಿಯೋಗೆ ಹೋಗ್ಬೇಡಿ, ಅದೇ ದೋಣಿನ ಅವರ ಕೈಗೇ ಕೊಟ್ಟು ಊದಿಸಿ.