ದಳ ಎಣಿಸುವ ಮುನ್ನ ಅಂಡಾಶಯ ಸೀಳಿ ನೋಡಿ

ಗಿಡದ ಕುಟುಂಬ ಗುರುತಿಸುವಾಗ ನಾನು ಬಣ್ಣ, ದಳಗಳನ್ನು ಕೊನೆಗೆ ನೋಡುತ್ತೇನೆ. ಕೇಸರ (ಪರಾಗ ಹೊತ್ತ ಎಳೆ) ಎಷ್ಟಿವೆ, ಹೇಗೆ ಕೂಡಿವೆ, ಮುಂದೆ ಕಾಯಿಯಾಗುವ ಅಂಡಾಶಯ ಎಲ್ಲಿ ಕೂತಿದೆ, ಅದರೊಳಗೆ ಎಷ್ಟು ಕೋಣೆ ಎಂಬುದು ಮೊದಲು. ದಳ ನಂಬಿದರೆ ಮೋಸ. ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ತಂದ ಚೆಂಡು ಹೂವನ್ನೇ ಬಿಡಿಸಿ: ದಳ ಅಂದುಕೊಂಡ ಒಂದೊಂದೂ ಬೇರೆ ಬೇರೆ ಪುಟ್ಟ ಹೂವು, ಬುಡದಲ್ಲಿ ಅದರದೇ ಅಂಡಾಶಯ. ಅದು ಸೂರ್ಯಕಾಂತಿಯ ಕುಟುಂಬ, ಆಸ್ಟರೇಸೀ.

ಹತ್ತು ಪಟ್ಟಿನ ಲೆನ್ಸ್, ಅರ್ಧ ಬ್ಲೇಡು, ಎರಡು ಸೂಜಿ, ಕಪ್ಪು ಕಾಗದ ಸಾಕು. ಬ್ಲೇಡು ಹೊಸದಿರಲಿ, ಮೊಂಡಾದರೆ ಅಂಡಾಶಯ ಜಜ್ಜಿ ಕೋಣೆಗಳ ಗೋಡೆ ಕಾಣುವುದಿಲ್ಲ. ಒಂದೇ ಗಿಡದಿಂದ ಅರಳಲಿರುವ 3 ಮೊಗ್ಗು, ಅರಳಿದ 1 ಹೂ, 1 ಎಳೆಕಾಯಿ ತರುತ್ತೇನೆ. ಮೊಗ್ಗೇ ಮುಖ್ಯ, ಅದರಲ್ಲಿ ಕೇಸರ ಉದುರಿರುವುದಿಲ್ಲ. ಒಂದನ್ನು ಉದ್ದಕ್ಕೆ ಸೀಳುತ್ತೇನೆ, ಇನ್ನೊಂದರ ಅಂಡಾಶಯವನ್ನು ನಡುವೆ ಅಡ್ಡ ಕೊಯ್ದು ಒಂದು ಹನಿ ನೀರು ಹಾಕುತ್ತೇನೆ. ಮೂರನೆಯದು ಕೈ ತಪ್ಪಿದರೆ ಇರಲಿ ಎಂದು.

ಕಲಿಯಲು ಕೆಂಪು ಒಂಟಿ ದಾಸವಾಳಕ್ಕಿಂತ ಒಳ್ಳೆಯ ಹೂವಿಲ್ಲ. ಕೇಸರಗಳೆಲ್ಲ ಕೂಡಿ ಕೊಳವೆಯಾಗಿವೆ, ಅದರ ನಡುವಿನಿಂದ ಹೊರಬಂದ ಶಲಾಕೆಯ (ಅಂಡಾಶಯದಿಂದ ಮೇಲೇಳುವ ಎಳೆಯ) ತುದಿ 5 ಕವಲು, ಅಂಡಾಶಯದಲ್ಲಿ 5 ಕೋಣೆ. ಅಡುಗೆಮನೆಯಲ್ಲಿ ಬೆಂಡೆಕಾಯಿ ಅಡ್ಡ ಹೆಚ್ಚಿದಾಗ ಕಾಣುವ ಕೋಣೆಗಳೂ ಇವೇ. ಬೆಂಡೆ, ಹತ್ತಿ, ದಾಸವಾಳ ಮೂರೂ ಮಾಲ್ವೇಸೀ. ಸುತ್ತುಸುತ್ತಿನ ದಾಸವಾಳ ಮಾತ್ರ ಬೇಡ, ಅದರಲ್ಲಿ ಕೇಸರಗಳೇ ದಳವಾಗಿರುತ್ತವೆ.

ಅವರೆ ಹೂವಿನಲ್ಲಿ 10 ಕೇಸರ: 9 ಒಟ್ಟಿಗೆ, 1 ಒಂಟಿ. ಆ ಒಂಟಿ ಕೇಸರ ದೊಡ್ಡ ದಳದ ಕಡೆಗಿರುತ್ತದೆ. ಸೂಜಿಯನ್ನು ಅಲ್ಲಿಂದ ಮೆಲ್ಲಗೆ ಜಾರಿಸದಿದ್ದರೆ ಹರಿದುಹೋಗಿ ಲೆಕ್ಕ 9ಕ್ಕೇ ನಿಲ್ಲುತ್ತದೆ. ತುಂಬೆಗೆ ಚೌಕ ಕಾಂಡ, 4 ಕೇಸರ. ಮಲ್ಲಿಗೆಗೆ ಎರಡೇ, ಅವೂ ಕೊಳವೆಯೊಳಗೆ ಅಡಗಿರುತ್ತವೆ, ಸೀಳಲೇಬೇಕು.

ಹೂವಿನ ಹಸಿರು ಹೊದಿಕೆ, ದಳಗಳು ಅಂಟಿದ ಜಾಗಕ್ಕಿಂತ ಅಂಡಾಶಯ ಮೇಲೋ ಕೆಳಗೋ ಎಂಬ ಗೊಂದಲಕ್ಕೆ ಕಾಯಿ ಉತ್ತರ ಕೊಡುತ್ತದೆ. ಆ ಹೊದಿಕೆಯೇ ಉಳಿದು ಆದ ಬದನೆಯ ಹಸಿರು ಟೋಪಿ ತೊಟ್ಟಿನ ಕಡೆ, ಹಾಗಾಗಿ ಅಂಡಾಶಯ ಮೇಲೆ. ಸೀಬೆಯದು ತೊಟ್ಟಿನ ಎದುರು ತುದಿಯಲ್ಲಿ, ಹಾಗಾಗಿ ಕೆಳಗೆ.

ಬೀಜದೊಳಗಿನ ದಳ (ಹೂವಿನದಲ್ಲ) ಎಣಿಸಿ ಏಕದಳ, ದ್ವಿದಳ ಎನ್ನುವ ಹಳೆಯ ಎರಡು ಪಾಲು ಈಗ ಸಾಲದು. ವೀಳ್ಯದೆಲೆ, ಸಂಪಿಗೆಗಳ ಬೀಜದಲ್ಲಿ ಎರಡು ದಳವಿದ್ದರೂ ಹೂಬಿಡುವ ಗಿಡಗಳನ್ನು ವಂಶದ ನಂಟಿನ ಮೇಲೆ ವಿಂಗಡಿಸುವ 2016ರ ಎಪಿಜಿ ವರ್ಗೀಕರಣದಲ್ಲಿ ಅವು ಮ್ಯಾಗ್ನೋಲಿಡ್ ಎಂಬ ಬೇರೆ ಗುಂಪು.

ಮಂಡ್ಯದ ಕಡೆಯ ಗದ್ದೆಗಳಲ್ಲಿ ಹುಲ್ಲಿನ ಕುಟುಂಬ ಕಲಿಯುವುದು ಸುಲಭ. ಕಬ್ಬಿನ ಹೂವಿಗೆ 3 ಕೇಸರ, ಭತ್ತಕ್ಕೆ 6. ಭತ್ತದ ತೆನೆಯನ್ನು ಬೆಳಿಗ್ಗೆ 10ರಿಂದ 12ರೊಳಗೆ ನೋಡಿ. ಆಮೇಲೆ ಹೊಟ್ಟಿನ ಎರಡು ಚಿಪ್ಪೂ ಮುಚ್ಚಿಕೊಂಡು, ಬತ್ತಿದ ಕೇಸರ ಹೊರಗೆ ಜೋತಾಡುತ್ತಿರುತ್ತದೆ.